‘ಹೈದರಾಬಾದಿಗೆ ಒಯ್ರಿ’ ಅನ್ನೋದಕ್ಕೇ ಆದರೆ ಮೆಡಿಕಲ್ ಕಾಲೇಜು ಯಾಕೆ?

ಬೀದರ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹೈದರಾಬಾದ್ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ವ್ಯಾಪಾರಕ್ಕೆ ಹೊರಟವರು ಯಾರು, ಮದುವೆಗೆ ಹೊರಟವರು ಯಾರು, ದವಾಖಾನೆಗೆ ಹೊರಟವರು ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ದವಾಖಾನೆಗೆ ಹೊರಟವರ ಕೈಯಲ್ಲಿ ದೊಡ್ಡ ಎಕ್ಸರೇ ಲಕೋಟೆ ಇರುತ್ತದೆ. ಬಗಲಲ್ಲಿ ರೊಟ್ಟಿ ಬುತ್ತಿ. ಹೆಣ್ಣುಮಗಳ ಸೆರಗಿನ ತುದಿಯಲ್ಲಿ ಗಂಟು ಹಾಕಿದ ದುಡ್ಡು. ಕಿಟಕಿ ಪಕ್ಕ ಕೂಡಿಸಿದ ಮುದುಕನ ತಲೆಗೆ ಟವೆಲ್ಲು.

ಮೊನ್ನೆ ಅಂಥ ಒಬ್ಬರನ್ನು ಕೇಳಿದೆ.

‘ಎಲ್ಲಿಗೆ ಹೊಂಟೀರಿ ಕಾಕಾ?’

‘ಹೈದ್ರಾಬಾದಿಗಪಾ. ಇಲ್ಲಿ ಆಗಂಗಿಲ್ಲ ಅಂದಾರ.’

‘ಏನರೆ ಬರದು ಕೊಟ್ಟಾರೇನ್ರಿ?’

‘ಬರದು ಏನೂ ಕೊಟ್ಟಿಲ್ಲ. ಬಾಯಿಲೆ ಅಂದ್ರು.’

ಯಾವ ದವಾಖಾನೆ ಅಂತ ನಾನು ಕೇಳಲಿಲ್ಲ. ಜಿಲ್ಲೆಯಲ್ಲಿ ಸರ್ಕಾರಿ ದವಾಖಾನೆಗಳೂ ಇವೆ, ಖಾಸಗಿಯವೂ ಇವೆ. ಈ ಕಾಲಂ ಯಾರೋ ಒಬ್ಬ ಡಾಕ್ಟರ ಕೊರಳಪಟ್ಟಿ ಹಿಡಿಯೋದಕ್ಕೆ ಬರೆದದ್ದಲ್ಲ. ಆ ‘ಬಾಯಿಲೆ ಅಂದ್ರು’ ಅನ್ನೋ ಮಾತೇ ಇವತ್ತಿನ ವಿಷಯ.

ಹೊಸ ರೋಗವಲ್ಲ, ಹಳೇ ದಾರಿ

ಬೀದರಿನವರು ಹೈದರಾಬಾದಿನ ದಾರಿ ಹಿಡಿಯೋದು ಇವತ್ತಿನದಲ್ಲ. ನಿಜಾಮನ ಕಾಲದಲ್ಲಿ ನಮಗೆ ರಾಜಧಾನಿ ಅದೇ, ದೊಡ್ಡ ದವಾಖಾನೆಯೂ ಅಲ್ಲೇ. ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾದದ್ದು 1846ರಲ್ಲಿ. ಅದೇ ಮುಂದೆ ಉಸ್ಮಾನಿಯಾ ಮೆಡಿಕಲ್ ಕಾಲೇಜು ಆಯ್ತು. ಮೂಸಿ ನದಿ ದಂಡೆಯ ಉಸ್ಮಾನಿಯಾ ದವಾಖಾನೆಗೆ ನಮ್ಮ ಅಜ್ಜಂದಿರು ಹೋಗಿ ಬಂದವರೇ.

1956ರ ನವೆಂಬರ್ 1ಕ್ಕೆ ರಾಜ್ಯಗಳು ಹೊಸದಾಗಿ ಆದವು. ಬೀದರ ಜಿಲ್ಲೆಯನ್ನು ರೊಟ್ಟಿ ಮುರಿದ ಹಾಗೆ ಮುರಿದರು. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ. ಭಾಷೆ ಪ್ರಕಾರ ಸರಿಯೇ. ಆದರೆ ರಾಜಧಾನಿ ಬೆಂಗಳೂರಾಯ್ತು, ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದು ಸುಮಾರು 140 ಕಿಲೋಮೀಟರ್, ಬೇರೆ ರಾಜ್ಯ. ನಡುವೆ ನಾವು!

ನಮ್ಮ ಭಾಗಕ್ಕೆ ಬಳ್ಳಾರಿಯಲ್ಲಿ 1961ಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಎಜುಕೇಶನ್ ಸೊಸೈಟಿಯವರು 1963ರಲ್ಲಿ ಮಹಾದೇವಪ್ಪ ರಾಂಪೂರೆ ಮೆಡಿಕಲ್ ಕಾಲೇಜು ಕಟ್ಟಿದರು. ಬೀದರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2007ರಲ್ಲಿ. ರಾಜ್ಯ ಹೊಸದಾಗಿ ಆಗಿ ಐವತ್ತು ವರ್ಷ ದಾಟಿದ ಮೇಲೆ! ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ‘ಬ್ರಿಮ್ಸ್’. 100 ಸೀಟಿನಿಂದ ಶುರುವಾಯ್ತು. ಅದೇ ವರ್ಷ ರಾಯಚೂರಿಗೂ ಶಿವಮೊಗ್ಗಕ್ಕೂ ಕಾಲೇಜು ಬಂತು.

ಹಾಗಂತ ಬೀದರಿಗೆ ದವಾಖಾನೆ, ವಿದ್ಯೆ ಹೊಸದು ಅಂದುಕೊಳ್ಳಬೇಡಿ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾ 1436ರಿಂದ 1458ರವರೆಗೆ ಆಳಿದವನು. ಅವನು ಇದೇ ಊರಲ್ಲಿ ಒಂದು ದವಾಖಾನೆ ಕಟ್ಟಿಸಿದ, ರೋಗಿಗಳ ಊಟಕ್ಕೆ, ಔಷಧಕ್ಕೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟ, ಮುಸಲ್ಮಾನ ಹಕೀಮರನ್ನೂ ಹಿಂದೂ ವೈದ್ಯರನ್ನೂ ಇಟ್ಟ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ. ಅಲ್ಲಿಗೆ ದೂರದ ದೇಶದಿಂದ ಪಂಡಿತರು ಪಾಠ ಹೇಳಲಿಕ್ಕೆ ಬರುತ್ತಿದ್ದರು. ಆಗ ಜನ ಬೀದರಿಗೆ ಬರುತ್ತಿದ್ದರು. ಈಗ ಬೀದರಿಂದ ಹೋಗುತ್ತಾರೆ. ಇಷ್ಟೇ ವ್ಯತ್ಯಾಸ.

ಪಾಠದ ದವಾಖಾನೆ ಅಂದರೇನು?

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಡಾಕ್ಟರಿ ವಿದ್ಯೆ ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳಿ, ಓದಿ ತಿಳಿದದ್ದನ್ನು ಅಂಗಡಿ ಲೆಕ್ಕದ ಹಾಗೆ ಹೇಳುತ್ತೇನೆ.

ಸಾದಾ ದವಾಖಾನೆಯಲ್ಲಿ ರೋಗಿಯನ್ನು ಒಬ್ಬ ಡಾಕ್ಟರು ನೋಡುತ್ತಾರೆ. ಮೆಡಿಕಲ್ ಕಾಲೇಜಿನ ದವಾಖಾನೆಯಲ್ಲಿ ಒಂದು ‘ಯೂನಿಟ್’ ನೋಡುತ್ತದೆ. ಮೇಲೆ ಪ್ರೊಫೆಸರು, ಆಮೇಲೆ ಅಸೋಸಿಯೇಟು, ಅಸಿಸ್ಟೆಂಟು, ಸೀನಿಯರ್ ರೆಸಿಡೆಂಟು, ಪಿಜಿ ಓದುವವರು, ಕೊನೆಗೆ ಹೌಸ್ ಸರ್ಜನ್ ಹುಡುಗರು. ಒಂದೇ ಹಾಸಿಗೆ ಹತ್ತಿರ ನಾಲ್ಕೈದು ಜೊತೆ ಕಣ್ಣು. ಹುಡುಗ ‘ಸರ್, ಇದು ಯಾಕೆ ಹೀಗೆ?’ ಅಂತ ಕೇಳಿದರೆ ಪ್ರೊಫೆಸರು ಉತ್ತರ ಹೇಳಲೇಬೇಕು. ಉತ್ತರ ಹೇಳಬೇಕಾದರೆ ಸರಿಯಾಗಿ ನೋಡಲೇಬೇಕು. ಕಲಿಸುವ ದವಾಖಾನೆಯಲ್ಲಿ ರೋಗಿಗೆ ಸಿಗುವ ಲಾಭ ಇದು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಚ್ಚರ ಇರುವವರು ಪಿಜಿ ಹುಡುಗರು, ಹೌಸ್ ಸರ್ಜನ್‌ಗಳು. ಅವರು ಇಲ್ಲದಿದ್ದರೆ ರಾತ್ರಿ ದವಾಖಾನೆ ನಡೆಯೋದಿಲ್ಲ.

ಅಮೆರಿಕ, ಕೆನಡಾಗಳಲ್ಲಿ 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನುವವರು 155 ಮೆಡಿಕಲ್ ಕಾಲೇಜು ಸುತ್ತಿ ವರದಿ ಬರೆದರು. ಪ್ರಯೋಗಶಾಲೆ ಇಲ್ಲದ, ಕೈಗೆ ದವಾಖಾನೆ ಇಲ್ಲದ ಕಾಲೇಜು ಕಾಲೇಜೇ ಅಲ್ಲ ಅಂದರು. ಎಷ್ಟೋ ಕಾಲೇಜು ಬಾಗಿಲು ಹಾಕಿದವು. ಅಂದರೆ ಪುಸ್ತಕದಿಂದ ಡಾಕ್ಟರಾಗೋದಿಲ್ಲ, ರೋಗಿಯಿಂದ ಆಗುತ್ತಾರೆ. ಔರಾದಿನ ರೈತನ ನೋವಿನಿಂದ ಹುಡುಗ ಕಲಿಯುತ್ತಾನೆ. ಹಾಗಾದರೆ ಆ ರೈತನಿಗೆ ಕಾಲೇಜು ಋಣಿ ಅಲ್ಲವೇ?

ಎಲ್ಲ ರೋಗಕ್ಕೂ ಇಲ್ಲೇ ಮದ್ದು ಸಿಗುತ್ತದೆಯೇ?

ಇಲ್ಲ. ಇದನ್ನು ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಜಗಳ. ಮೆಡಿಕಲ್ ಕಾಲೇಜು ಅಂದರೆ ಹೃದಯ, ಮೆದುಳು, ಕಿಡ್ನಿ ಎಲ್ಲಾ ಇಲ್ಲೇ ಆಗಬೇಕು ಅಂತ ನಾವು ತಿಳಿದಿದ್ದೇವೆ. ಎಂಬಿಬಿಎಸ್ ಕಲಿಸುವ ಕಾಲೇಜಿಗೆ ನಿಯಮದ ಪ್ರಕಾರ ಬೇಕಾದದ್ದು ಜನರಲ್ ಮೆಡಿಸಿನ್, ಸರ್ಜರಿ, ಹೆರಿಗೆ ವಿಭಾಗ, ಮಕ್ಕಳ ವಿಭಾಗ, ಎಲುಬು, ಕಣ್ಣು, ಕಿವಿ-ಮೂಗು-ಗಂಟಲು, ಚರ್ಮ, ಮಾನಸಿಕ, ಅರಿವಳಿಕೆ, ಎಕ್ಸರೇ ಇಂಥವು. ಹೃದಯಕ್ಕೆ, ಮೆದುಳಿಗೆ ಬೇರೆ ಸೂಪರ್ ಸ್ಪೆಷಾಲಿಟಿ ವಿಭಾಗ ಇರಲೇಬೇಕು ಅಂತ ಕಡ್ಡಾಯ ಇಲ್ಲ. ಇದ್ದರೆ ಒಳ್ಳೇದು, ಅಷ್ಟೆ.

ಆದ್ದರಿಂದ ಕೆಲವು ರೋಗಿಗಳನ್ನು ಬೇರೆ ಊರಿಗೆ ಕಳಿಸೋದು ತಪ್ಪಲ್ಲ. ಕಳಿಸದೆ ಇಟ್ಟುಕೊಂಡರೇ ತಪ್ಪು. ಹೃದಯದ ರೋಗಿಗೆ ಈಗ ಹೈದರಾಬಾದೇ ಗತಿ ಅಂತಲೂ ಇಲ್ಲ. ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆ ಆಗಿದೆ. 371ನೇ ಕಲಮಿನ ನೆನಪಿಗೆ ಹಾಸಿಗೆ ಅಷ್ಟು. ದೂರ ಹೈದರಾಬಾದಿಗಿಂತ ಕಡಿಮೆ, ನಮ್ಮದೇ ರಾಜ್ಯ.

ಹಾಗಾದರೆ ತಕರಾರು ಏನು? ಹೆರಿಗೆಗೆ, ಹಾವು ಕಡಿದದ್ದಕ್ಕೆ, ಮುರಿದ ಕಾಲಿಗೆ, ಮಕ್ಕಳ ನಿಮೋನಿಯಾಕ್ಕೆ ಬೇಕಾದ ವಿಭಾಗಗಳು ಜಿಲ್ಲೆಯಲ್ಲೇ ಕಡ್ಡಾಯವಾಗಿ ಇರಬೇಕಾದವು. ಇವಕ್ಕೂ ಹೈದರಾಬಾದೇ ಆದರೆ ‘ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು’ ಅನ್ನೋ ಗಾದೆ ನಮ್ಮ ಜಿಲ್ಲೆಗೇ ಮಾಡಿದ್ದು ಅನ್ನಬೇಕು.

ಹಾವಿನ ವಿಷಯವನ್ನೇ ನೋಡಿ. ನಮ್ಮದು ತೊಗರಿ, ಸೋಯಾ, ಕಬ್ಬಿನ ಜಿಲ್ಲೆ. ರಾತ್ರಿ ನೀರು ಬಿಡಲಿಕ್ಕೆ ಹೊಲಕ್ಕೆ ಹೋದವನಿಗೆ ಹಾವು ಕಡಿಯುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ — ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಇದೆ. ಅದನ್ನು ಕೊಡಲಿಕ್ಕೆ ಹೈದರಾಬಾದ್ ಬೇಕಾಗಿಲ್ಲ. ತಾಲೂಕು ದವಾಖಾನೆ ಸಾಕು. ಬೇಕಾದದ್ದು ಶೀಶೆ, ಕೊಡುವ ಧೈರ್ಯ, ಕೊಟ್ಟ ಮೇಲೆ ಪಕ್ಕದಲ್ಲಿ ನಿಂತು ನೋಡುವ ಡಾಕ್ಟರು. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಘೋಷಣೆ ಮಾಡಿದೆ. ಒಳ್ಳೇ ಕೆಲಸ. ಆದರೆ ಮೊದಲ ಶೀಶೆ ಕೊಡದೆ ‘ಮುಂದೆ ಒಯ್ರಿ’ ಅಂದರೆ ದಾರಿಯಲ್ಲಿ ವಿಷ ಕಾಯುತ್ತಾ ಕೂಡೋದಿಲ್ಲ.

ಒಂದು ಚೀಟಿಯ ಬೆಲೆ

ಈಗ ನನ್ನ ಮನೆ ಮಾತು ಒಂದು ಹೇಳಬೇಕು.

2007. ನಾನು ಪಿಯುಸಿಯಲ್ಲಿದ್ದೆ. ನಮ್ಮಪ್ಪಂದು ಭಾಲ್ಕಿ ಕಡೆ ಹಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಒಂದು ಸಂಜೆ ತಕ್ಕಡಿ ಹಿಡಿದವರು ಹಾಗೇ ಕುಸಿದರು. ಲಕ್ವಾ ಹೊಡೆದಿತ್ತು. ಹತ್ತಿರದ ಒಂದು ದವಾಖಾನೆಗೆ ಒಯ್ದೆವು. ಹೆಸರು ಬೇಡ. ಏನೋ ಒಂದು ಇಂಜೆಕ್ಷನ್ ಕೊಟ್ಟರು, ‘ಹೈದರಾಬಾದಿಗೆ ಒಯ್ರಿ, ಲಗೂ ಹೋಗ್ರಿ’ ಅಂದರು. ಕೈಗೆ ಒಂದು ತುಂಡು ಕಾಗದ ಇಲ್ಲ. ಜೀಪು ಮಾಡಿಕೊಂಡು ಜಹೀರಾಬಾದ, ಸದಾಶಿವಪೇಟ, ಸಂಗಾರೆಡ್ಡಿ ದಾಟಿ ನಡುರಾತ್ರಿ ಮುಟ್ಟಿದೆವು.

ಅಲ್ಲಿಯ ಡಾಕ್ಟರು ಕೇಳಿದ ಮೂರು ಪ್ರಶ್ನೆ ಇವತ್ತಿಗೂ ಕಿವಿಯಲ್ಲಿವೆ. ಎಷ್ಟು ಗಂಟೆಗೆ ಬಿದ್ದರು? ಬಿಪಿ ಎಷ್ಟಿತ್ತು? ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ? ಮೊದಲನೇದಕ್ಕೆ ಮಾತ್ರ ನಮ್ಮ ಹತ್ತಿರ ಉತ್ತರ ಇತ್ತು. ಅದನ್ನೂ ಕಾಕಾ ಒಂದು ಹೇಳಿದ, ನಾನು ಒಂದು ಹೇಳಿದೆ. ಎಲ್ಲ ತಪಾಸಣೆ ಮೊದಲಿಂದ ಶುರು. ದುಡ್ಡೂ ಮೊದಲಿಂದ ಶುರು. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಸ್ಕ್ಯಾನ್ ಮಾಡಿ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಪ್ಪ ಉಳಿದರು. ಬಲಗೈ ಉಳಿಯಲಿಲ್ಲ. ಅಂಗಡಿಯೂ ಉಳಿಯಲಿಲ್ಲ. ನಾನು ಕಾಲೇಜು ಬಿಟ್ಟು ಪ್ರೆಸ್ಸಿಗೆ ಸೇರಿದೆ.

ನಮ್ಮ ಮನೆಯ ಅದೇ ವರ್ಷ ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂತು. ‘ಇನ್ನು ಮುಂದೆ ಯಾರಿಗೂ ಹೀಂಗ ಆಗಂಗಿಲ್ಲ ಬಿಡು’ ಅಂತ ಅವ್ವ ಅಂದಿದ್ದಳು. ಆ ಮಾತು ಪೂರ್ತಿ ನಿಜ ಆಗಲಿಲ್ಲ ಅನ್ನೋದಕ್ಕೇ ಈ ಕಾಲಂ.

ಚೀಟಿ ಅಂದರೆ ಬರೀ ಕಾಗದ ಅಲ್ಲ, ದುಡ್ಡೂ ಹೌದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದರಲ್ಲಿ ಅನೇಕ ದೊಡ್ಡ ಚಿಕಿತ್ಸೆಗೆ ಸರ್ಕಾರಿ ದವಾಖಾನೆಯವರು ಬರೆದುಕೊಟ್ಟ ರೆಫರಲ್ ಚೀಟಿ ಬೇಕು. ಬಾಯಿಮಾತಲ್ಲಿ ಕಳಿಸಿದರೆ ಆ ಹಕ್ಕು ಬಸ್ ಸ್ಟ್ಯಾಂಡಿನಲ್ಲೇ ಬಿದ್ದುಹೋಗುತ್ತದೆ. ಬಡವ ಬಂಗಾರ ಒತ್ತೆ ಇಡುತ್ತಾನೆ, ಎಮ್ಮೆ ಮಾರುತ್ತಾನೆ.

ಅಂಗಡಿಯವರಿಗೆ ಇದರ ಲೆಕ್ಕ ನಾನು ಹೇಳಬೇಕೇ? ನಿಮ್ಮ ಉದ್ರಿ ಖಾತೆ ತೆಗೆದು ನೋಡಿ. ಎರಡು ವರ್ಷದಿಂದ ಯಾರ ಬಾಕಿ ಬಂದಿಲ್ಲವೋ ಅವರ ಮನೆಯಲ್ಲಿ ಯಾರಿಗೆ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ಗಾಂಧಿ ಗಂಜಿನಲ್ಲಿ ತೊಗರಿ ಮಾರಿದ ದುಡ್ಡು ಚೌಬಾರಾಕ್ಕೆ ಬರದೆ ನೇರವಾಗಿ ಹೈದರಾಬಾದಿನ ಬಿಲ್ ಕೌಂಟರಿಗೆ ಹೋಗುತ್ತದೆ.

ರೋಗಿಯನ್ನು ಗೊತ್ತುಗುರಿ ಇಲ್ಲದೆ ಊರಿಂದ ಊರಿಗೆ ಸಾಗಿಸಿದರೆ ಏನಾಗುತ್ತದೆ ಅಂತ ಇಡೀ ದೇಶ ನೋಡಿದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ದೇಶದ ಮೊದಲ ಕೊರೋನಾ ಸಾವು ಕಲಬುರಗಿಯ 76 ವರ್ಷದ ಹಿರಿಯರದು. 2020ರ ಮಾರ್ಚಿನಲ್ಲಿ ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಒಯ್ದರು. ವಾಪಸು ತರುವಾಗ ದಾರಿಯಲ್ಲೇ ತೀರಿಕೊಂಡರು. ಯಾರ ತಪ್ಪು ಅನ್ನೋ ಪಂಚಾಯ್ತಿ ಬೇಡ. ಆ ರಸ್ತೆಯ ಕಥೆ ಮಾತ್ರ ಮರೆಯಬಾರದು.

ಔರಾದಕ್ಕೂ ಭಾಲ್ಕಿಗೂ ಕಾಲೇಜು ಬರಲಿ

‘ಇನ್ನೊಂದು ಮೆಡಿಕಲ್ ಕಾಲೇಜು ಬೇಕು’ ಅಂತ ನಾನು ಕೇಳುತ್ತಿಲ್ಲ. ಇರುವ ಕಾಲೇಜು ಬಸ್ಸು ಹತ್ತಿ ಬರಲಿ ಅನ್ನುತ್ತಿದ್ದೇನೆ.

ಔರಾದ ಕರ್ನಾಟಕದ ಉತ್ತರದ ಕೊನೇ ತಾಲೂಕು. ಪಟ್ಟಣಕ್ಕೆ ರೈಲಿಲ್ಲ. ಸಂತಪುರ, ಕೌಠಾ ದಾಟಿ ಬೀದರಿಗೆ ನಲವತ್ತು ಕಿಲೋಮೀಟರಿನ ಮೇಲೆ. ಹಳ್ಳಿಯಿಂದ ಔರಾದಿಗೆ ಬರಲಿಕ್ಕೆ ಇನ್ನೊಂದು ಗಂಟೆ. ಭಾಲ್ಕಿಗೆ ರೈಲಾದರೂ ಇದೆ. ಆದರೆ ಹೆರಿಗೆ ನೋವು ರೈಲಿನ ಟೈಂ ಟೇಬಲ್ ನೋಡಿ ಬರೋದಿಲ್ಲ. ಔರಾದಿನವರು ಉದಗೀರ, ನಾಂದೇಡ ಅಂತ ಹೋಗುತ್ತಾರೆ. ಭಾಲ್ಕಿಯವರು ಉದಗೀರ, ಲಾತೂರ, ಸೋಲಾಪುರ ಅಂತಾರೆ. ರೋಗಿಗೆ ರಾಜ್ಯದ ಗಡಿ ಕಾಣೋದಿಲ್ಲ, ಹತ್ತಿರದ ದೀಪ ಕಾಣುತ್ತದೆ.

ಕಾಲೇಜು ಹಳ್ಳಿಗೆ ಹೋಗಬೇಕು ಅನ್ನೋದು ನನ್ನ ಹೊಸ ತಲೆಹರಟೆ ಅಲ್ಲ. 1946ರಲ್ಲೇ ಭೋರ್ ಸಮಿತಿ, ಡಾಕ್ಟರಿ ಓದುವವರಿಗೆ ರೋಗ ತಡೆಯುವುದನ್ನೂ ಹಳ್ಳಿಯ ಕೆಲಸವನ್ನೂ ಕಲಿಸಬೇಕು ಅಂದಿತ್ತು. 1977ರಲ್ಲಿ ಕೇಂದ್ರ ಸರ್ಕಾರ, ಪ್ರತಿ ಮೆಡಿಕಲ್ ಕಾಲೇಜೂ ಮೂರು ಬ್ಲಾಕುಗಳ ಜವಾಬ್ದಾರಿ ಹೊರಬೇಕು ಅಂತ ಯೋಜನೆ ಮಾಡಿತು. ಕಾಲೇಜುಗಳಿಗೆ ಸಂಚಾರಿ ದವಾಖಾನೆಯ ವ್ಯಾನು ಕೊಟ್ಟಿತು. ವ್ಯಾನು ಹಳೇದಾದವು, ಯೋಜನೆಯೂ ಹಳೇದಾಯ್ತು.

ಈಗ ಮತ್ತೆ ನಿಯಮ ಇವೆ. ಎಂಬಿಬಿಎಸ್ ಹುಡುಗರು ಓದುವಾಗಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಪಾಠದಲ್ಲೇ ಸೇರಿಸಿದೆ. ಪಿಜಿ ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ದವಾಖಾನೆಯಲ್ಲಿ ಕೆಲಸ ಮಾಡಬೇಕು. ಅಂಥ ದವಾಖಾನೆಗೆ 100 ಹಾಸಿಗೆ ಇರಬೇಕು ಅಂತ ಇದ್ದದ್ದನ್ನು 2023ರ ನಿಯಮದಲ್ಲಿ 50ಕ್ಕೆ ಇಳಿಸಿದ್ದಾರೆ. ಹಾಗಿದ್ದ ಮೇಲೆ ಭಾಲ್ಕಿ, ಔರಾದ ತಾಲೂಕು ದವಾಖಾನೆಗಳು ಯಾಕೆ ಪಾಠದ ಜಾಗ ಆಗಬಾರದು? ವಾರಕ್ಕೊಂದು ದಿನ ಹೆರಿಗೆ ವಿಭಾಗದ, ಮಕ್ಕಳ ವಿಭಾಗದ, ಮೆಡಿಸಿನ್ ವಿಭಾಗದ ಪ್ರೊಫೆಸರು ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಹೋಗಲಿ. ರೋಗಿಯ ಬಸ್ ಚಾರ್ಜು ಉಳಿಯುತ್ತದೆ. ಹುಡುಗನಿಗೆ ಪುಸ್ತಕದಲ್ಲಿ ಇಲ್ಲದ್ದು ಸಿಗುತ್ತದೆ.

ಪುಸ್ತಕದಲ್ಲಿ ಇಲ್ಲದ್ದು ಏನು? ಒಂದು ಉದಾಹರಣೆ. ನೀಟ್ ಪರೀಕ್ಷೆ ಬರೆದು ದೂರದ ರಾಜ್ಯದಿಂದ ಬಂದ ಹುಡುಗನ ಮುಂದೆ ಔರಾದಿನ ಅಜ್ಜಿ ಕೂತು ‘ಜೀವಾ ಘಾಬರಿ ಆಗ್ಲಿಕ್ಕತ್ತದಪಾ’ ಅಂತಾಳೆ. ಹೆದರಿದ್ದಾಳೆ ಅಂತ ಅವನು ತಿಳಿದರೆ ಕೆಲಸ ಕೆಟ್ಟಿತು. ಅದು ಹೃದಯದ ತೊಂದರೆಯೂ ಆಗಿರಬಹುದು. ಕನ್ನಡ, ಮರಾಠಿ, ಉರ್ದು ಮೂರೂ ಕಲೆತ ನಮ್ಮ ಮಾತನ್ನು ಕಲಿಯೋದು ಔರಾದಿನ ಕಟ್ಟೆ ಮೇಲೇ ಹೊರತು ಕ್ಲಾಸಿನಲ್ಲಿ ಅಲ್ಲ.

371(ಜೆ) ಬಂದ ಮೇಲೆ 2013ರ ಆದೇಶದಂತೆ ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ನಮ್ಮ ಮಕ್ಕಳಿಗೆ ಮೀಸಲು. ನಮ್ಮ ಹಳ್ಳಿಯ ಮಕ್ಕಳು ಡಾಕ್ಟರಾಗುತ್ತಿದ್ದಾರೆ. ಸಂತೋಷ! ಆದರೆ ಓದುವಾಗ ಔರಾದ ನೋಡದವನು ಓದಿದ ಮೇಲೆ ಔರಾದಿಗೆ ಬರುತ್ತಾನೆಯೇ?

ಡಾಕ್ಟರ ಮೇಲೆ ಕೈ ಎತ್ತಬೇಡಿ

ಇಷ್ಟು ಓದಿ ಯಾರಾದರೂ ತೋಳೇರಿಸಿಕೊಂಡು ದವಾಖಾನೆಗೆ ನುಗ್ಗಿದರೆ ಅದು ಈ ಕಾಲಮಿಗೆ ಮಾಡಿದ ಅವಮಾನ. ರಾತ್ರಿಯೆಲ್ಲ ನಿದ್ದೆಗೆಟ್ಟ ಹೌಸ್ ಸರ್ಜನ್ ಹುಡುಗಿಗೆ ಬೈದರೆ ಖಾಲಿ ಹುದ್ದೆ ತುಂಬೋದಿಲ್ಲ. ಕೆಟ್ಟ ಮಷೀನು ರಿಪೇರಿ ಆಗೋದಿಲ್ಲ. ಡಾಕ್ಟರು, ಸಿಸ್ಟರುಗಳ ಮೇಲೆ ಹಲ್ಲೆ ಮಾಡಿದರೆ ಶಿಕ್ಷೆ ಕೊಡುವ ಕಾನೂನು ರಾಜ್ಯದಲ್ಲಿ 2009ರಿಂದಲೇ ಇದೆ. ಕೊರೋನಾ ಕಾಲದಲ್ಲಿ ನಮ್ಮವರು ನಮ್ಮನ್ನು ಮುಟ್ಟಲಿಕ್ಕೆ ಹೆದರಿದಾಗ ಮುಟ್ಟಿದವರು ಇದೇ ಜನ.

ನಮ್ಮ ಪ್ರಶ್ನೆ ಮೇಲಿನವರಿಗೆ. ಸಂಸ್ಥೆಯ ನಿರ್ದೇಶಕರಿಗೆ, ಜಿಲ್ಲಾಡಳಿತಕ್ಕೆ, ಸಚಿವರಿಗೆ, ಶಾಸಕರಿಗೆ. ಕೇಳೋದು ಕೋಟಿ ರೂಪಾಯಿ ಅಲ್ಲ.

ಒಂದು: ಬಾಯಿಮಾತಲ್ಲಿ ಕಳಿಸೋದು ಬಂದ್ ಆಗಲಿ. ಜಿಲ್ಲೆಯ ಯಾವ ಸರ್ಕಾರಿ ದವಾಖಾನೆಯಿಂದ ಯಾವ ರೋಗಿ ಹೊರಗೆ ಹೋದರೂ ಕೈಯಲ್ಲಿ ಚೀಟಿ ಇರಲಿ. ಬಂದ ಹೊತ್ತು, ಸ್ಥಿತಿ, ಕೊಟ್ಟ ಔಷಧ, ಕಳಿಸುವ ಕಾರಣ, ಎಲ್ಲಿಗೆ, ಕೆಳಗೆ ಡಾಕ್ಟರ ಸಹಿ.

ಎರಡು: ಕಳಿಸುವ ಮೊದಲು ಮುಂದಿನ ದವಾಖಾನೆಗೆ ಒಂದು ಫೋನ್ ಹೋಗಲಿ. ಅಲ್ಲಿ ಹಾಸಿಗೆ ಇದೆಯೋ ಇಲ್ಲವೋ ಗೊತ್ತಾಗಲಿ.

ಮೂರು: ತಿಂಗಳಿಗೊಮ್ಮೆ ಲೆಕ್ಕ ಬೋರ್ಡಿನ ಮೇಲೆ ಬರಲಿ. ಎಷ್ಟು ಜನರನ್ನು ಕಳಿಸಿದ್ದೀರಿ, ಯಾಕೆ? ಡಾಕ್ಟರ್ ಇರಲಿಲ್ಲವೋ, ಮಷೀನ್ ಕೆಟ್ಟಿತ್ತೋ, ರಕ್ತ ಇರಲಿಲ್ಲವೋ, ಹಾಸಿಗೆ ಇರಲಿಲ್ಲವೋ, ನಿಜವಾಗಿಯೂ ನಮ್ಮ ಕೈ ಮೀರಿದ್ದೋ? ರೋಗಿಯ ಹೆಸರು ಬೇಡ, ಲೆಕ್ಕ ಸಾಕು. ಆ ಲೆಕ್ಕ ಬಂದರೆ ಯಾವ ಹುದ್ದೆ ಮೊದಲು ತುಂಬಬೇಕು, ಯಾವ ಮಷೀನು ಮೊದಲು ತರಬೇಕು ಅಂತ ಯಾವ ಕಮಿಟಿಯೂ ಕೂಡಬೇಕಾಗಿಲ್ಲ.

ನಾಲ್ಕು: ಭಾಲ್ಕಿ, ಔರಾದ ದವಾಖಾನೆಗಳಲ್ಲಿ ಕಾಲೇಜಿನ ವಾರದ ದಿನ ಗೊತ್ತು ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ಬರೆಸಲಿ.

ಓದುಗರಿಗೂ ಒಂದು ಮಾತು. ಯಾವ ಡಾಕ್ಟರೇ ಆಗಲಿ ‘ಬೇರೆ ಕಡೆ ಒಯ್ರಿ’ ಅಂದರೆ ಸಿಟ್ಟು ಮಾಡಬೇಡಿ, ಹಾಗೇ ಎದ್ದೂ ಬರಬೇಡಿ. ‘ಸಾಹೇಬ್ರ, ಬರದು ಕೊಡ್ರಿ’ ಅನ್ನಿ. ಅಷ್ಟೇ ಸಾಕು.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡಿಗಿಂತ ಒಳಗಿನ ಕೆಲಸ ದೊಡ್ಡದಿತ್ತು. ಉದಗೀರ ರಸ್ತೆಯ ನಮ್ಮ ಕಾಲೇಜಿಗೂ ದೊಡ್ಡ ಬೋರ್ಡು ಇದೆ. ಒಳಗಿನ ಕೆಲಸ ಅದಕ್ಕಿಂತ ದೊಡ್ಡದು ಅಂತ ನಮಗೆ ಯಾವಾಗ ಗೊತ್ತಾಗುತ್ತದೆ? ಬೆಳಗಿನ ಹೈದರಾಬಾದ್ ಬಸ್ಸಿನಲ್ಲಿ ಎಕ್ಸರೇ ಲಕೋಟೆ ಕಡಿಮೆ ಆದ ದಿನ. ಆ ದಿನ ಕಂಡಕ್ಟರನೇ ನಮಗೆ ಸುದ್ದಿ ಹೇಳುತ್ತಾನೆ.